ಸಾದಾ ಪೆಟ್ರೋಲೋ, 95ರ ಪೆಟ್ರೋಲೋ: ದಿನಬಳಕೆಯ ಕಾರಿಗೆ ಯಾವುದು ಸರಿ

ಪೆಟ್ರೋಲಿನ ದರ್ಜೆಯನ್ನು ತಿಳಿಸುವುದು ಅದರ ಆಕ್ಟೇನ್ ಸಂಖ್ಯೆ. 2020ರ ಏಪ್ರಿಲ್ 1ರಂದು ಬಿಎಸ್-6 ಮಾಲಿನ್ಯ ಮಾನದಂಡ ದೇಶಕ್ಕೆಲ್ಲ ಅನ್ವಯವಾದ ಮೇಲೆ ಪಂಪಿನಲ್ಲಿ ಸಿಗುವ ಸಾದಾ ಪೆಟ್ರೋಲಿನ ಆಕ್ಟೇನ್ ಕನಿಷ್ಠ 91 ಇರಬೇಕು, ಪ್ರೀಮಿಯಂ ಪೆಟ್ರೋಲಿನದು ಕನಿಷ್ಠ 95. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ95, ಹಿಂದುಸ್ತಾನ್ ಪೆಟ್ರೋಲಿಯಂನ ಪವರ್95 ಎರಡನೆಯ ದರ್ಜೆಗೆ ಸೇರಿದವು. ಇವುಗಳಿಗೆ ಲೀಟರಿಗೆ ಏಳೆಂಟು ರೂಪಾಯಿ ಹೆಚ್ಚು ಬೀಳುತ್ತದೆ. ಹಳ್ಳಿಯ ಪಂಪಿನಲ್ಲಿ ಸಾಮಾನ್ಯವಾಗಿ ಸಾದಾ ಒಂದೇ ಇರುವುದರಿಂದ ಆಯ್ಕೆಯ ಪ್ರಶ್ನೆ ಏಳುವುದಿಲ್ಲ. ಪೇಟೆಯ ಪಂಪಿನಲ್ಲೋ ಹೆದ್ದಾರಿಯ ಪಂಪಿನಲ್ಲೋ ನಿಂತಾಗ 'ಸಾದಾ ಹಾಕ್ಲೇನ್ರಿ, ಪವರ್ ಹಾಕ್ಲೇನ್ರಿ?' ಎಂಬ ಮಾತು ಬರುತ್ತದೆ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದಲ್ಲಿ ಈ ಪ್ರಶ್ನೆಗೆ ಇತ್ತೀಚೆಗೆ ತೂಕ ಬಂದಿದೆ. ಇಲ್ಲಿ ಬಹುಕಾಲ ಕಾರು ಅಂದರೆ ಡೀಸೆಲ್ ಎಂದೇ ಲೆಕ್ಕ. ಬಿಎಸ್-6 ಬಂದ ವರ್ಷವೇ ಮಾರುತಿ ಸುಜುಕಿ ಡೀಸೆಲ್ ಕಾರುಗಳನ್ನು ಕೈಬಿಟ್ಟಿತು. ಅದರಿಂದಾಗಿ ಡೀಸೆಲ್ ಕಾರಿಗೆ ಒಗ್ಗಿಹೋಗಿದ್ದ ಎಷ್ಟೋ ಮನೆಗಳಿಗೆ ಪೆಟ್ರೋಲ್ ಕಾರು ಬಂತು.

ಆಕ್ಟೇನ್ ಹೆಚ್ಚಿದ್ದರೆ ಪೆಟ್ರೋಲಿಗೆ ಶಕ್ತಿ ಹೆಚ್ಚು ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ಸರಿಯಲ್ಲ. ಒತ್ತಡ, ಬಿಸಿ ಏರಿದಾಗ ಕಿಡಿ ತಾಗದೆ ತಾನಾಗಿ ಹೊತ್ತಿಕೊಳ್ಳದಿರುವ ಗುಣವನ್ನಷ್ಟೇ ಈ ಸಂಖ್ಯೆ ಅಳೆಯುತ್ತದೆ. ಇಂಜಿನ್ನಿನೊಳಗೆ ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಪಿಸ್ಟನ್ ಒತ್ತುತ್ತದೆ, ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ, ಅಲ್ಲಿಂದ ಉರಿ ಹರಡುತ್ತ ಹೋಗಬೇಕು. ಹೊಲದಲ್ಲಿ ಕಬ್ಬಿನ ರವದಿಗೆ ಒಂದು ಬದುವಿನಿಂದ ಬೆಂಕಿ ಹಚ್ಚಿದರೆ ಅದು ಸಾಲು ಹಿಡಿದು ಸಾಗುವ ಹಾಗೆ. ಆ ಉರಿ ತಲುಪುವ ಮೊದಲೇ ಇನ್ನೊಂದು ಮೂಲೆಯ ಮಿಶ್ರಣ ತಾನೇ ಹೊತ್ತಿಕೊಂಡರೆ ಒತ್ತಡ ಒಮ್ಮೆಲೆ ಏರಿ ಕಟಕಟ ಸದ್ದು ಕೇಳುತ್ತದೆ. ಗ್ಯಾರೇಜಿನವರು ಅದನ್ನು ನಾಕಿಂಗ್ ಎನ್ನುತ್ತಾರೆ. ಬಹುಕಾಲ ಹೀಗೇ ನಡೆದರೆ ಪಿಸ್ಟನ್ನಿಗೆ ಪೆಟ್ಟು. ಈಚಿನ ಕಾರುಗಳಲ್ಲಿ ನಾಕ್ ಸೆನ್ಸರ್ ಇದನ್ನು ಗುರುತಿಸುತ್ತದೆ, ಕಂಪ್ಯೂಟರ್ ಕಿಡಿಯ ಸಮಯವನ್ನು ಸ್ವಲ್ಪ ತಡಮಾಡುತ್ತದೆ. ಇಂಜಿನ್ ಉಳಿಯುತ್ತದೆ, ಪಿಕಪ್ಪೂ ಎವರೇಜೂ ಒಂದಿಷ್ಟು ಇಳಿಯುತ್ತವೆ.

ಹೀಗಾಗಿ ಯಾವ ದರ್ಜೆ ಬೇಕೆಂಬುದನ್ನು ನಿರ್ಧರಿಸುವುದು ಇಂಜಿನ್ನಿನ ರಚನೆ. ಉತ್ತರ ಕಾರಿನ ಕೈಪಿಡಿಯಲ್ಲಿರುತ್ತದೆ, ಅನೇಕ ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಬದಿಗೂ ಅಂಟಿಸಿರುತ್ತದೆ. ಟರ್ಬೊ ಇಲ್ಲದ ಸಣ್ಣ ಕಾರುಗಳು, ಅಂದರೆ ಈ ತಾಲೂಕುಗಳ ರಸ್ತೆಯಲ್ಲಿ ಕಾಣುವ ಬಹುಪಾಲು ಪೆಟ್ರೋಲ್ ಕಾರುಗಳು, 91ಕ್ಕೆಂದೇ ಹೊಂದಿಸಿದವು. ಅವಕ್ಕೆ 95 ಹಾಕಿದರೆ ತೊಂದರೆಯಿಲ್ಲ, ಹೇಳುವಂಥ ಲಾಭವೂ ಇಲ್ಲ. ಪ್ರೀಮಿಯಂನಲ್ಲಿ ಬೆರೆಸುವ, ಇಂಜಿನ್ ಸ್ವಚ್ಛವಾಗಿಡುವ ರಾಸಾಯನಿಕಗಳಿಂದ ಅಷ್ಟಿಷ್ಟು ಉಪಯೋಗವಿದ್ದೀತು. ಪ್ರತಿ ಸಲ ಟಾಕಿ ತುಂಬಿಸುವಾಗಲೂ ಇನ್ನೂರೈವತ್ತು ರೂಪಾಯಿ ಹೆಚ್ಚು ಕೊಡುವಷ್ಟಲ್ಲ. ಆ ಹಣ ಸಮಯಕ್ಕೆ ಸರಿಯಾಗಿ ಇಂಜಿನ್ ಆಯಿಲ್, ಏರ್ ಫಿಲ್ಟರ್ ಬದಲಿಸಲು ಹೋದರೆ ಕಾರಿಗೆ ಹೆಚ್ಚು ಒಳ್ಳೆಯದು. ಕರಿಮಣ್ಣಿನ ಧೂಳಿನಲ್ಲಿ ಓಡುವ ಕಾರಿನ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಟರ್ಬೊ ಪೆಟ್ರೋಲ್ ಇಂಜಿನ್ನಿನ ಮಾತು ಬೇರೆ. 'ಕನಿಷ್ಠ 91, ಉತ್ತಮ 95' ಎಂಬರ್ಥದ ಸೂಚನೆ ಅದರ ಕೈಪಿಡಿಯಲ್ಲೋ ಮುಚ್ಚಳದಲ್ಲೋ ಕಂಡರೆ 95 ಹಾಕಿಸುವುದಕ್ಕೆ ಕಾರಣವಿದೆ. ಎರಡೂ ಬೆರೆತರೆ ಹೆದರಬೇಕಿಲ್ಲ. ಅರ್ಧ 91, ಅರ್ಧ 95 ಇದ್ದರೆ ಟಾಕಿಯಲ್ಲಿರುವುದು ಹೆಚ್ಚುಕಡಿಮೆ 93.

ಅಮೆರಿಕದಿಂದ ಊರಿಗೆ ಬರುವ ಬಂಧುಗಳು ಅಲ್ಲಿ 87ರಲ್ಲೇ ಕಾರು ಓಡುತ್ತದೆ ಎಂದಾಗ ಗೊಂದಲವಾಗುವುದು ಸಹಜ. ಅಳತೆಯ ಪದ್ಧತಿಯೇ ಬೇರೆಯಾದ್ದರಿಂದ ಅವರ 87 ನಮ್ಮ ಲೆಕ್ಕದಲ್ಲಿ ಸುಮಾರು 91.

ಈ ಭಾಗದ ರಸ್ತೆಗಳ ಅನುಭವ ಕಲಿಸುವ ಸಂಗತಿ ಇನ್ನೊಂದಿದೆ. ನಾಕಿಂಗ್ ಸದ್ದು ಕೇಳಿದ ಕೂಡಲೇ ಪೆಟ್ರೋಲನ್ನು ದೂರುವ ಬದಲು ಮೊದಲು ಗೇರು ನೋಡಬೇಕು. ಡೀಸೆಲ್ ಇಂಜಿನ್ ಕಡಿಮೆ ವೇಗದಲ್ಲೂ ಮೇಲಿನ ಗೇರಿನಲ್ಲಿ ಎಳೆಯುತ್ತದೆ. ಆ ರೂಢಿ ಪೆಟ್ರೋಲ್ ಕಾರಿಗೆ ಬಂದಾಗ ಕಷ್ಟ. ಕಬ್ಬಿನ ಹಂಗಾಮಿನಲ್ಲಿ ಇಂಡಿ-ಸಿಂದಗಿ ಕಡೆ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರಿನ ಹಿಂದೆ ನಿಧಾನ ಸಾಗಿ, ದಾರಿ ಸಿಕ್ಕೊಡನೆ ನಾಲ್ಕನೆಯ ಗೇರಿನಲ್ಲೇ ಎಕ್ಸಲರೇಟರ್ ಒತ್ತಿದರೆ ನಾಕಿಂಗ್‌ಗೆ ಬೇಕಾದದ್ದೆಲ್ಲ ಕೂಡಿಬರುತ್ತದೆ: ಕಡಿಮೆ ವೇಗ, ಹೆಚ್ಚು ಭಾರ. ಏಪ್ರಿಲ್, ಮೇ ತಿಂಗಳ 40 ಡಿಗ್ರಿ ದಾಟುವ ಬಿಸಿಲು, ಕಾರಿನ ತುಂಬ ಜನ, ಏಸಿ ಸೇರಿದರೆ ಇನ್ನೂ ಹೆಚ್ಚು. ಗೇರು ಒಂದು ಕೆಳಗಿಳಿಸಿದರೆ ಸದ್ದು ಬಹುಮಟ್ಟಿಗೆ ನಿಲ್ಲುತ್ತದೆ. ಗೇರು ಸರಿಯಿದ್ದೂ ಹಳೆಯ ಕಾರಿನಲ್ಲಿ ಸದ್ದು ಉಳಿದರೆ ಒಳಗೆ ಕಾರ್ಬನ್ ಕಟ್ಟಿರಬಹುದು, ಪ್ಲಗ್ ತಪ್ಪು ಇರಬಹುದು, ಕೂಲಿಂಗ್ ಕೆಟ್ಟಿರಬಹುದು, ಗ್ಯಾರೇಜಿಗೆ ಒಯ್ಯಬೇಕು. ಅಲ್ಲಿಯವರೆಗೆ 95 ಹಾಕಿ ನೋಡುವುದು ತಕ್ಕ ಉಪಾಯ.

ಇಂದಿನ ದಿನಗಳಲ್ಲಿ ದರ್ಜೆಗಿಂತ ಹೆಚ್ಚು ಗಮನ ಕೊಡಬೇಕಾದದ್ದು ಕಬ್ಬಿನಿಂದಲೂ ತಯಾರಿಸಿ ಪೆಟ್ರೋಲಿಗೆ ಬೆರೆಸುವ ಎಥೆನಾಲಿಗೆ. ಭೀಮಾ ತೀರದ ಮರಗೂರು, ಆಲಮೇಲದ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಕಳಿಸುವ ರೈತರಿಗೆ ಇದು ಹೊಸ ಮಾತಲ್ಲ. ಶೇ. 20 ಎಥೆನಾಲ್ ಬೆರೆತ ಇ20 ಪೆಟ್ರೋಲನ್ನು ಪ್ರಧಾನಿ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. 2025ರ ಹೊತ್ತಿಗೆ ದೇಶದ ಪಂಪುಗಳಲ್ಲಿ ಅದೇ ಸಾಮಾನ್ಯವಾಯಿತು. ಎಥೆನಾಲಿನ ಆಕ್ಟೇನ್ ಸುಮಾರು 108. ಬೆರಕೆಯಿಂದ ಸಾದಾ ಪೆಟ್ರೋಲಿನ ಆಕ್ಟೇನೂ 95ರತ್ತ ಏರಿದೆ ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಹೇಳಿತು. ಸಣ್ಣ ಕಾರಿಗೆ ಸಾದಾ ಸಾಕು ಎಂಬುದಕ್ಕೆ ಇದೂ ಒಂದು ಕಾರಣ. ಆದರೆ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಳೆಯ ವಿನ್ಯಾಸದ ಕಾರುಗಳಲ್ಲಿ ಎವರೇಜ್ ಶೇ. 6ರಿಂದ 7ರಷ್ಟು ತಗ್ಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಹಳೆಯ ಕಾರುಗಳ ರಬ್ಬರ್ ಪೈಪು, ಸೀಲುಗಳಿಗೂ ಅದು ಒಗ್ಗದಿರಬಹುದು. ಸರ್ವಿಸ್ ಮಾಡಿಸುವಾಗ ಅವನ್ನು ತೋರಿಸಿ ನೋಡಿಸಬೇಕು. ಎಥೆನಾಲ್ ತೇವವನ್ನು ಹೀರುತ್ತದೆ. ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ಇದ್ದು ಕಾರು ತಿಂಗಳುಗಟ್ಟಲೆ ಮನೆ ಮುಂದೆ ನಿಲ್ಲುವುದಾದರೆ ಮಳೆಗಾಲದಲ್ಲಿ ಟಾಕಿ ಅರೆಬರೆ ಇರದಂತೆ ನೋಡಿಕೊಂಡು, ಆಗಾಗ ಓಡಿಸುತ್ತಿರಬೇಕು. ಎಥೆನಾಲ್ ಬೇಡವೆಂದು 95 ಹಾಕಿಸುವುದರಲ್ಲಿ ಅರ್ಥವಿಲ್ಲ. ಬೆರಕೆ ಅದರಲ್ಲೂ ಇರುತ್ತದೆ.

ದುಬಾರಿ ಪೆಟ್ರೋಲು ತಮ್ಮ ಕಾರಿಗೆ ಲಾಭವೇ ಎಂದು ತಿಳಿಯಲು ಬಯಸುವವರು ಟಾಕಿ ಬಾಯಿತನಕ ತುಂಬಿಸಿ, ಕಿಲೋಮೀಟರ್ ಬರೆದಿಟ್ಟು, ಮುಂದಿನ ಸಲವೂ ಅದೇ ಪಂಪಿನಲ್ಲಿ ತುಂಬಿಸಿ ಲೆಕ್ಕ ಹಾಕಬೇಕು. ಒಂದೇ ದಾರಿ, ಒಂದೇ ಹವೆ ಇರಬೇಕು. ಈ ಲೇಖಕರ ಟರ್ಬೊ ಇಲ್ಲದ ಸಣ್ಣ ಕಾರಿನಲ್ಲಿ ವಿಜಯಪುರ-ಸಿಂದಗಿ ಹೆದ್ದಾರಿಯ ಲೆಕ್ಕ ಕೊಟ್ಟ ಉತ್ತರ ಸ್ಪಷ್ಟ: 91ಕ್ಕೂ 95ಕ್ಕೂ ಇದ್ದ ಅಂತರಕ್ಕಿಂತ ಎದುರುಗಾಳಿ, ಟೈರಿನ ಗಾಳಿ, ಏಸಿಯಿಂದ ಆಗುವ ಅಂತರವೇ ದೊಡ್ಡದು.

ದರ್ಜೆ ಸರಿಯಿದ್ದೂ ಪೆಟ್ರೋಲು ಶುದ್ಧವಿಲ್ಲದಿದ್ದರೆ ಫಲವಿಲ್ಲ. ಹೆಚ್ಚು ಮಾರಾಟವಿರುವ ಪಂಪಿನಲ್ಲಿ ಸರಕು ಹೊಸದಾಗಿರುತ್ತದೆ. 95 ಅಪರೂಪಕ್ಕೆ ಹೋಗುವ ಪಂಪಿನಲ್ಲಿ ಅದು ಬಹಳ ದಿನ ನಿಂತಿರಬಹುದು. ಸಂಶಯ ಬಂದರೆ ಫಿಲ್ಟರ್ ಪೇಪರ್ ಕೇಳುವ ಹಕ್ಕು ಗ್ರಾಹಕರಿಗಿದೆ. ಅದರ ಮೇಲೆ ಬಿದ್ದ ಪೆಟ್ರೋಲಿನ ಹನಿ ಕಲೆ ಉಳಿಸದೆ ಆರಿಹೋಗಬೇಕು. ಸಾಂದ್ರತೆಯನ್ನೂ ಅಲ್ಲೇ ಅಳೆಸಬಹುದು: 15 ಡಿಗ್ರಿ ಲೆಕ್ಕಕ್ಕೆ ತಂದಾಗ ಪೆಟ್ರೋಲಿನದು ಘನಮೀಟರಿಗೆ 720ರಿಂದ 775 ಕಿಲೋ ನಡುವೆ ಇರಬೇಕು, ಪಂಪಿನ ದಾಖಲೆಯಲ್ಲಿರುವ ಅಂಕಿಗೂ ಅಳತೆಗೂ 3ಕ್ಕಿಂತ ಹೆಚ್ಚು ವ್ಯತ್ಯಾಸ ಬರಬಾರದು. ಪ್ರಮಾಣದ ಬಗ್ಗೆ ಅನುಮಾನವಿದ್ದರೆ ಮುದ್ರೆಯೊತ್ತಿದ ಐದು ಲೀಟರಿನ ಅಳತೆ ಪಾತ್ರೆಯಲ್ಲಿ ಹಿಡಿದು ತೋರಿಸಲು ಕೇಳಬಹುದು. ಆ ಪಾತ್ರೆ ಪ್ರತಿ ಪಂಪಿನಲ್ಲೂ ಇರಲೇಬೇಕು.