ಎರಡು ದಿಕ್ಕಿಗೆ ಹರಿಯುವ ಹೊಳೆ
(ದೀಪಾವಳಿಯ ನಂತರದ ಗಾಳದ ಮೀನುಗಾರಿಕೆ)

ಓದುವ ಮೊದಲು ಯೋಚಿಸಿ

ನೀವು ಕೃಷ್ಣಾ ನದಿ ನೋಡಿದ್ದೀರಿ. ಭೀಮಾ, ಮಲಪ್ರಭಾ, ಘಟಪ್ರಭಾ ನೋಡಿದ್ದೀರಿ. ಈ ಹೊಳೆಗಳು ಯಾವ ದಿಕ್ಕಿಗೆ ಹರಿಯುತ್ತವೆ? ಬೆಳಿಗ್ಗೆ ಒಂದು ದಿಕ್ಕು, ಮಧ್ಯಾಹ್ನ ಇನ್ನೊಂದು ದಿಕ್ಕಿಗೆ ಹರಿಯುವ ಹೊಳೆಯನ್ನು ಎಲ್ಲಾದರೂ ಕಂಡಿದ್ದೀರಾ?

ಗೋವಾದ ದಾಬೋಲಿಮ್ ಅಂದರೆ ಎಲ್ಲರಿಗೂ ವಿಮಾನ ನಿಲ್ದಾಣ ನೆನಪಾಗುತ್ತದೆ. ನಿಲ್ದಾಣ ಇರುವುದು ಎತ್ತರದ ದಿನ್ನೆಯ ಮೇಲೆ. ಅಲ್ಲಿಂದ ಚಿಕಾಲಿಮ್ ಕಡೆಗೆ ಇಳಿದರೆ ಜುವಾರಿ ಹೊಳೆ ಸಿಗುತ್ತದೆ. ಈ ಹೊಳೆ ಪಶ್ಚಿಮ ಘಟ್ಟದಲ್ಲಿ ಹುಟ್ಟಿ, ಮುರ್ಮುಗೋವಾ ಬಂದರಿನ ಹತ್ತಿರ ಅರಬ್ಬೀ ಸಮುದ್ರ ಸೇರುತ್ತದೆ. ವಾಸ್ಕೋ, ಝುವಾರಿನಗರ, ದಾಬೋಲಿಮ್ ಸುತ್ತಮುತ್ತ ನಮ್ಮ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ದುಡಿಯಲು ಬಂದವರು ಬಹಳ ಮಂದಿ ಇದ್ದಾರೆ. ರಜೆಯ ದಿನ ಗಾಳ ಹಿಡಿದು ಹೊಳೆಗೆ ಹೋಗುವವರೂ ಇದ್ದಾರೆ. ಈ ಪಾಠ ಅವರಿಗಾಗಿ.

ಮಾವ ಮತ್ತು ಅಳಿಯ

ಅಳಿಯ ಊರಿನಿಂದ ಬಂದು ಹದಿನೈದು ದಿನ ಆಗಿತ್ತು. ಗೌಂಡಿ ಕೆಲಸಕ್ಕೆ ಸೇರಿದ್ದ. ಒಂದು ರವಿವಾರ ಮಾವನ ಜೊತೆ ಗಾಳ ಹಾಕಲು ಹೋದ. ದಂಡೆಯಿಂದ ಒಂದಿಷ್ಟು ದೂರದಲ್ಲಿ ದೊಡ್ಡ ಬಂಡೆ ಇತ್ತು. ನಡುವೆ ಪಾದ ಮುಳುಗುವಷ್ಟು ಮಾತ್ರ ನೀರು.

"ಮಾವಾ, ಆ ಬಂಡಿ ಮ್ಯಾಲೆ ಹೋಗಿ ಕುಂದರ್ತೀನ್ರಿ. ಅಲ್ಲಿ ಆಳ ಐತಿ, ದೊಡ್ಡ ಮೀನ ಸಿಗತಾವ."

ಮಾವ ಕಿಸೆಯಿಂದ ಸಣ್ಣ ನೋಟ್‌ಬುಕ್ ತೆಗೆದ. ಒಂದು ಪುಟ ನೋಡಿದ. ಮೊಬೈಲಿನಲ್ಲಿ ಗಂಟೆ ನೋಡಿದ.

"ಬ್ಯಾಡಲೇ ತಮ್ಮಾ. ಇನ್ನ ಅರ್ಧಾ ತಾಸಿಗೆ ನೀರ ತಿರಗತೈತಿ. ಇಲ್ಲೇ ದಂಡಿ ಮ್ಯಾಲೆ ಕುಂದರು."

ಅಳಿಯನಿಗೆ ನಗು ಬಂತು. ಹೊಳೆ ತಿರುಗುತ್ತದೆಯೇ? ಆದರೂ ದೊಡ್ಡವರ ಮಾತು ಮೀರಲಿಲ್ಲ, ದಂಡೆಯ ಮೇಲೆ ಕುಳಿತ. ಒಂದು ತಾಸು ಕಳೆಯಿತು. ಸಮುದ್ರದ ಕಡೆ ಹೋಗುತ್ತಿದ್ದ ಕಸಕಡ್ಡಿ ಈಗ ಒಳಗಡೆಗೆ ಬರುತ್ತಿತ್ತು. ಪಾದ ಮುಳುಗುವ ನೀರು ಮೊಳಕಾಲಿಗೆ ಬಂತು. ಎರಡು ತಾಸು ಆದ ಮೇಲೆ ಬಂಡೆಗೂ ದಂಡೆಗೂ ನಡುವೆ ಸೊಂಟದಷ್ಟು ನೀರು. ಅದೂ ನಿಂತ ನೀರಲ್ಲ, ಎಳೆಯುವ ನೀರು. ಆಮೇಲೆ ಬಂಡೆಯೇ ಕಾಣಲಿಲ್ಲ.

"ಅಯ್ಯ ಮಾವಾ! ಹೊಳಿ ಹಿಂದಕ್ಕ ಹರಿಯಾಕತ್ತೈತಿ!"

"ಹೂಂ. ನಾನೂ ಒಮ್ಮೆ ಅದೇ ಬಂಡಿ ಮ್ಯಾಲೆ ಕುಂತಿದ್ದೆ. ನೀರು ಎದಿಮಟ ಬಂದಿತ್ತು. ಇಲ್ಲಿಯ ಮೀನುಗಾರನೊಬ್ಬ ದೋಣಿ ತಂದು ಉಳಿಸಿದ. 'ದಂಡಿ ಮ್ಯಾಲೆ ಬೋರ್ಡ್ ಐತಲ್ಲ, ಓದಲಿಲ್ಲೇನು?' ಅಂತ ಕೇಳಿದ. ನನಗ ಓದಾಕ ಬರತಿರಲಿಲ್ಲ. ಅದನ್ನ ಹೇಳಾಕೂ ನಾಚಿಕಿ ಆತು. ಮುಂದಿನ ತಿಂಗಳ ರಾತ್ರಿ ಸಾಲಿಗೆ ಹೆಸರು ಹಚ್ಚಿದೆ."

ಹೊಳೆ ಯಾಕೆ ತಿರುಗುತ್ತದೆ?

ಸಮುದ್ರದ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರುವುದಕ್ಕೆ ಉಬ್ಬರ ಎನ್ನುತ್ತೇವೆ, ಇಳಿಯುವುದಕ್ಕೆ ಇಳಿತ. ಗೋವಾದ ಜನ ಕೊಂಕಣಿಯಲ್ಲಿ ಭರತಿ, ಸುಕತಿ ಎನ್ನುತ್ತಾರೆ. ಚಂದ್ರ ಮತ್ತು ಸೂರ್ಯನ ಸೆಳೆತದಿಂದ ಹೀಗಾಗುತ್ತದೆ. ಸಮುದ್ರ ಏರಿದಾಗ ಉಪ್ಪು ನೀರು ಹೊಳೆಯ ಒಳಗೆ ನುಗ್ಗುತ್ತದೆ. ಜುವಾರಿಯಲ್ಲಿ ಅದು ಹತ್ತಾರು ಕಿಲೋಮೀಟರ್ ಒಳಗೆ ಹೋಗುತ್ತದೆ.

ಒಂದು ಉಬ್ಬರದಿಂದ ಇಳಿತಕ್ಕೆ ಸುಮಾರು 6 ತಾಸು 12 ನಿಮಿಷ. ಹೀಗಾಗಿ ನಾಳೆಯ ಉಬ್ಬರ ಇವತ್ತಿನ ಹೊತ್ತಿಗೇ ಬರುವುದಿಲ್ಲ. ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಮಾವನ ನೋಟ್‌ಬುಕ್ಕಿನ ಒಂದು ಪುಟ ಹೀಗಿತ್ತು:

ರವಿವಾರ
ಉಬ್ಬರ: ಬೆಳಿಗ್ಗೆ 6:10
ಇಳಿತ: ಮಧ್ಯಾಹ್ನ 12:22
ಉಬ್ಬರ: ಸಂಜೆ 6:35
ಸೋಮವಾರ
ಉಬ್ಬರ: ಬೆಳಿಗ್ಗೆ 7:00

ಇದು ಅಂದಾಜು ಲೆಕ್ಕ. ಸರಿಯಾದ ವೇಳೆ ಬೇಕಾದರೆ ಉಬ್ಬರ-ಇಳಿತದ ಪಟ್ಟಿ ನೋಡಬೇಕು. ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿ ವರ್ಷ ಇಂಥ ಪಟ್ಟಿ ಪ್ರಕಟಿಸುತ್ತದೆ. ಈಗ ಮೊಬೈಲಿನಲ್ಲೂ ಸಿಗುತ್ತದೆ. ಮುರ್ಮುಗೋವಾ ಎಂಬ ಹೆಸರಿನ ಕೆಳಗೆ ಹುಡುಕಿ.

ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಆಗ ಮುರ್ಮುಗೋವಾದಲ್ಲಿ ಏರಿಳಿತದ ಅಂತರ ಸುಮಾರು 2 ಮೀಟರ್. ಅಂದರೆ ಒಬ್ಬ ಎತ್ತರದ ಮನುಷ್ಯ ಮುಳುಗುವಷ್ಟು. ಅಷ್ಟಮಿಯ ಹೊತ್ತಿಗೆ ಅಂತರ ಕಡಿಮೆ, ಎಳೆತವೂ ಕಡಿಮೆ. ನಮ್ಮ ಪಂಚಾಂಗ ನೋಡಲು ಬಂದರೆ ಇಷ್ಟು ತಿಳಿಯುತ್ತದೆ.

ದೀಪಾವಳಿ ಆದ ಮೇಲೆ ಯಾಕೆ?

ಮಳೆಗಾಲದಲ್ಲಿ ಹೊಳೆ ಕೆಂಪಾಗಿ, ರಭಸವಾಗಿ ಹರಿಯುತ್ತದೆ. ಸಿಹಿನೀರು ಉಪ್ಪುನೀರನ್ನು ಹೊರಗೆ ತಳ್ಳುತ್ತದೆ. ಯಂತ್ರದ ದೋಣಿಗಳ ಸಮುದ್ರ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಿಷೇಧ ಇರುತ್ತದೆ. ಅದು ಹಲವು ಮೀನುಗಳು ಮೊಟ್ಟೆ ಇಡುವ ಕಾಲ.

ಅಕ್ಟೋಬರ್ ಬಂದಂತೆ ಮಳೆ ನಿಲ್ಲುತ್ತದೆ. ನೀರು ತಿಳಿಯಾಗುತ್ತದೆ. ಉಪ್ಪು ಮೆಲ್ಲಗೆ ಒಳಗೆ ಬರುತ್ತದೆ. ಸೀಗಡಿ, ಸಣ್ಣ ಮೀನು ಹೊಳೆಯ ಬಾಯಲ್ಲೂ ತೋಡುಗಳಲ್ಲೂ ಓಡಾಡುತ್ತವೆ. ಅವನ್ನು ತಿನ್ನಲು ದೊಡ್ಡ ಮೀನು ಬರುತ್ತವೆ. ಕಾರ್ತಿಕ, ಮಾರ್ಗಶಿರ ಮಾಸಗಳಲ್ಲಿ ಬೆಳಗಿನ ಜಾವ ತಂಪು. ದಂಡೆಯಲ್ಲಿ ಕೂರುವವರಿಗೂ ಹಿತ.

ಗಾಳಕ್ಕೆ ಸಿಗುವ ಎರಡು ಹೆಸರುವಾಸಿ ಮೀನುಗಳನ್ನು ತಿಳಿಯೋಣ.

ಚೊಣಕ್: ಬೆಳ್ಳಿ ಬಣ್ಣ, ದೊಡ್ಡ ಬಾಯಿ. ಒಂದು ಮೀಟರಿಗಿಂತ ಉದ್ದ ಬೆಳೆಯಬಲ್ಲದು. ರಾತ್ರಿ ಬ್ಯಾಟರಿ ಬೆಳಕು ಬಿಟ್ಟರೆ ಇದರ ಕಣ್ಣು ಹೊಳೆಯುತ್ತದೆ. ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ, ಅಲ್ಲಿ ಕೈ ಹಾಕಬೇಡಿ. ಇನ್ನೊಂದು ಸೋಜಿಗ ಕೇಳಿ. ಚೊಣಕ್ ಮೊದಲು ಗಂಡಾಗಿ ಬೆಳೆಯುತ್ತದೆ. ಕೆಲವು ವರ್ಷ ಕಳೆದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಸಣ್ಣದಿರುವಾಗಲೇ ಎಲ್ಲವನ್ನೂ ಹಿಡಿದರೆ ಮೊಟ್ಟೆ ಇಡುವ ಹೆಣ್ಣು ಎಲ್ಲಿಂದ ಬರಬೇಕು? ಅದಕ್ಕೇ ಸಣ್ಣ ಮೀನನ್ನು ನೀರಿಗೆ ಬಿಡಿ.

ತಾಮ್ಸೊ: ಕೆಂಪು ಛಾಯೆಯ ಮೀನು, ಕೆಂಬೇರಿಯ ಜಾತಿಯದು. ಕಾಂಡ್ಲಾ ಗಿಡಗಳ ಬೇರಿನ ಸಂದಿಯಲ್ಲಿ, ಬಂಡೆಗಳ ನಡುವೆ ಅಡಗುತ್ತದೆ. ಹಲ್ಲು ಚೂಪು. ಗಾಳ ನುಂಗಿದ ಕೂಡಲೇ ಬೇರಿನ ಕಡೆಗೆ ಓಡಿ ದಾರ ಕಡಿಯುತ್ತದೆ. ಮರಿಗಳು ಹೊಳೆಯಲ್ಲಿ ಬೆಳೆಯುತ್ತವೆ, ದೊಡ್ಡವಾದ ಮೇಲೆ ಸಮುದ್ರದ ಆಳಕ್ಕೆ ಹೋಗುತ್ತವೆ.

ಇವಲ್ಲದೆ ನಾವು ಕಾಣೆ ಎನ್ನುವ ಮೀನು (ಕೊಂಕಣಿಯಲ್ಲಿ ಮುಡ್ದೊಶಿ) ಮರಳು ನೆಲದಲ್ಲಿ ಸಿಗುತ್ತದೆ. ಚಿಕಾಲಿಮ್ ಕೊಲ್ಲಿಯಲ್ಲಿ ಗಾಜಿನಂತೆ ತೆಳುವಾದ ಒಂದು ಚಿಪ್ಪು ಉಂಟು. ಹಿಂದಿನ ಕಾಲದಲ್ಲಿ ಗೋವಾದ ಮನೆಗಳ ಕಿಟಕಿಗೆ ಗಾಜಿನ ಬದಲು ಇಂಥ ಚಿಪ್ಪನ್ನೇ ಕೂಡಿಸುತ್ತಿದ್ದರು. ಹಳೆಯ ಮನೆಗಳಲ್ಲಿ ಈಗಲೂ ನೋಡಬಹುದು.

ದೂರದ ದೇಶದ ಒಂದು ಮಾತು

ಅಮೆರಿಕದ ಮಿಸಿಸಿಪಿ ಹೊಳೆಯಲ್ಲಿ ವಾಲೈ, ಸಾಗರ್ ಎಂಬ ಎರಡು ಮೀನುಗಳಿವೆ. ಹೆಸರು ಸಾಗರ್ ಆದರೂ ಅದು ಹೊಳೆಯ ಮೀನೇ. ಎರಡೂ ದಾಯಾದಿಗಳಂತೆ. ಸಾಗರ್ ಮೀನಿನ ಬೆನ್ನಿನ ಈಜುರೆಕ್ಕೆಯಲ್ಲಿ ಕಪ್ಪು ಚುಕ್ಕೆ ಇರುತ್ತವೆ. ವಾಲೈ ಬಾಲದ ಕೆಳತುದಿ ಬಿಳಿ. ಚೊಣಕ್‌ನಂತೆ ಇವುಗಳ ಕಣ್ಣೂ ಬೆಳಕಿಗೆ ಹೊಳೆಯುತ್ತವೆ. ಆದ್ದರಿಂದಲೇ ಇವೆಲ್ಲ ಮಬ್ಬು ಬೆಳಕಿನಲ್ಲಿ ಚೆನ್ನಾಗಿ ಬೇಟೆಯಾಡುತ್ತವೆ. ನವೆಂಬರಿನ ಚಳಿಯಲ್ಲಿ ಅವು ಅಣೆಕಟ್ಟಿನ ಕೆಳಗಿನ ಆಳದ ಗುಂಡಿಗಳಲ್ಲಿ ಸೇರುತ್ತವೆ. ಅಲ್ಲಿಯ ಜನ ದಪ್ಪ ಅಂಗಿ ತೊಟ್ಟು ಗಾಳ ಹಾಕುತ್ತಾರೆ.

ಅಲ್ಲಿ ಅಣೆಕಟ್ಟು ಇದ್ದಂತೆ ಗೋವಾದಲ್ಲಿ ಖಜಾನ್ ತೂಬುಗಳಿವೆ. ಖಜಾನ್ ಅಂದರೆ ಹೊಳೆಯ ಪಕ್ಕ ಒಡ್ಡು ಕಟ್ಟಿ ಉಳಿಸಿಕೊಂಡ ತಗ್ಗಿನ ಗದ್ದೆ. ತೂಬಿನ ಬಾಗಿಲಿನ ಹತ್ತಿರ ಮೀನು ಸೇರುತ್ತವೆ. ಆದರೆ ಅಲ್ಲಿ ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕಿರುತ್ತಾರೆ. ಕೇಳದೆ ಅಲ್ಲಿ ಗಾಳ ಹಾಕಿದರೆ ಜಗಳ ಖಂಡಿತ.

ಗಾಳ ಹಾಕುವ ಕ್ರಮ

1. ಬೇಕಾಗುವ ಸಾಮಾನು: ತಂಗೂಸು, ಗಾಳದ ಕೊಕ್ಕೆ, ಸೀಸದ ಗುಂಡು, ಚಾಕು, ಒಂದು ಹಳೆ ಟವೆಲ್, ಕುಡಿಯುವ ನೀರು.

2. ಎರೆ: ಜೀವಂತ ಸೀಗಡಿ ಎಲ್ಲಕ್ಕಿಂತ ಒಳ್ಳೆಯದು. ಅದು ಸಿಗದಿದ್ದರೆ ತಾಜಾ ಸೀಗಡಿ, ತಾರ್ಲಿ ಮೀನಿನ ತುಂಡು.

3. ಹೊತ್ತು: ನೀರು ಹರಿಯುತ್ತಿರಬೇಕು. ಉಬ್ಬರದ ಕೊನೆಯ ಎರಡು ತಾಸು, ಇಳಿತದ ಮೊದಲ ಎರಡು ತಾಸು ಒಳ್ಳೆಯದು. ಅದು ನಸುಕಿಗೋ ಮುಸ್ಸಂಜೆಗೋ ಕೂಡಿ ಬಂದರೆ ಇನ್ನೂ ಒಳ್ಳೆಯದು. ನೀರು ಪೂರ್ತಿ ನಿಂತಾಗ ಮೀನೂ ಸುಮ್ಮನಿರುತ್ತದೆ. ಆಗ ಬುತ್ತಿ ಬಿಚ್ಚಿ.

4. ಜಾಗ: ಇಳಿತದಲ್ಲಿ ಸಣ್ಣ ತೋಡು ಹೊಳೆಗೆ ಸೇರುವ ಬಾಯಿ. ಒಳಗಿನ ಸೀಗಡಿ ಹೊರಗೆ ಬರುತ್ತವೆ, ಚೊಣಕ್ ಅಲ್ಲೇ ಕಾದಿರುತ್ತದೆ.

5. ಹರಿದ ತಂಗೂಸನ್ನು ನೀರಿಗೆ ಎಸೆಯಬೇಡಿ. ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಮನೆಗೆ ತಂದು ಕಸಕ್ಕೆ ಹಾಕಿ.

ಕಾನೂನು ತಿಳಿದಿರಲಿ

ಗಾಳ ಬೇರೆ, ಬಲೆ ಬೇರೆ. ಬಲೆ ಬಿಡಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಗಾಳಕ್ಕೂ ಎಲ್ಲಿ ಅವಕಾಶ ಉಂಟು ಎಂದು ಮೊದಲು ಪಂಚಾಯತಿಯಲ್ಲಿ ಕೇಳಿ. ಹೊಳೆಯಲ್ಲಿ ಗೂಟ ನೆಟ್ಟು ಕಟ್ಟಿದ ಬಲೆಗಳು ಅಲ್ಲಿಯ ಮೀನುಗಾರರ ಅನ್ನ, ಅವುಗಳ ಹತ್ತಿರ ಗಾಳ ಎಸೆಯಬೇಡಿ. ಮದ್ದು ಸಿಡಿಸಿ, ವಿಷ ಹಾಕಿ ಮೀನು ಹಿಡಿಯುವುದು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯ ಪ್ರಕಾರ ಅಪರಾಧ. ಬಂದರು ಮತ್ತು ನೌಕಾಪಡೆಯ ಜಾಗಗಳಲ್ಲಿ 'ಪ್ರವೇಶವಿಲ್ಲ' ಎಂಬ ಫಲಕ ಇರುತ್ತದೆ. ಅದು ಕನ್ನಡದಲ್ಲಿ ಇರಲಾರದು. ಗುರುತು ಸಿಗದಿದ್ದರೆ ಓದಬಲ್ಲವರನ್ನು ಕೇಳಿ. ಕೇಳುವುದರಲ್ಲಿ ನಾಚಿಕೆ ಇಲ್ಲ.

ಜೀವ ಉಳಿಸುವ ಮಾತುಗಳು

• ಒಬ್ಬರೇ ಹೋಗಬೇಡಿ. ಎಲ್ಲಿ ಹೋಗುತ್ತೀರಿ, ಎಷ್ಟು ಗಂಟೆಗೆ ಬರುತ್ತೀರಿ ಎಂದು ಮನೆಯಲ್ಲಿ ಹೇಳಿ.

• ಇಳಿತದಲ್ಲಿ ಕಾಣುವ ಬಂಡೆಗೆ ದಾಟಬೇಡಿ. ವಾಪಸು ಬರುವ ದಾರಿ ಮೊದಲು ಮುಳುಗುತ್ತದೆ.

• ಕೆಸರಿನಲ್ಲಿ ಕಾಲು ಹೂತರೆ ಒದ್ದಾಡಬೇಡಿ. ಹಿಂದಕ್ಕೆ ವಾಲಿ, ಭಾರ ಹರಡಿ, ಒಂದೊಂದೇ ಕಾಲನ್ನು ಮೆಲ್ಲಗೆ ಎಳೆದುಕೊಳ್ಳಿ.

• ಯಾರಾದರೂ ನೀರಿಗೆ ಬಿದ್ದರೆ ನೀವು ಜಿಗಿಯಬೇಡಿ. ಹಗ್ಗ, ಬಿದಿರು, ಮುಚ್ಚಿದ ಖಾಲಿ ಕ್ಯಾನು ಎಸೆಯಿರಿ. 112ಕ್ಕೆ ಫೋನ್ ಮಾಡಿ. ಆಂಬುಲೆನ್ಸಿಗೆ 108.

• ಹೊಟ್ಟೆಯನ್ನು ಚೆಂಡಿನಂತೆ ಉಬ್ಬಿಸುವ ಮೀನು ಸಿಕ್ಕರೆ ತಿನ್ನಬೇಡಿ. ಅದರಲ್ಲಿ ಪ್ರಾಣ ತೆಗೆಯುವ ವಿಷ ಇರುತ್ತದೆ. ಎಷ್ಟು ಕುದಿಸಿದರೂ ಹೋಗುವುದಿಲ್ಲ. ಮಕ್ಕಳ ಕೈಗೂ ಕೊಡಬೇಡಿ.

• ಮೀಸೆ ಇರುವ ಮೀನಿನ ಮುಳ್ಳು, ತೊರಕೆಯ ಬಾಲದ ಮುಳ್ಳು ಚುಚ್ಚಿದರೆ ವಿಪರೀತ ನೋವು. ತಡೆಯಬಲ್ಲಷ್ಟು ಬಿಸಿಯ ನೀರಿನಲ್ಲಿ ಆ ಭಾಗವನ್ನು ಇಟ್ಟು, ಆಸ್ಪತ್ರೆಗೆ ಹೋಗಿ.

• ಜುವಾರಿಯನ್ನು ಮಾಂಡೋವಿಗೆ ಕೂಡಿಸುವ ಕುಂಭಾರ್ಜುವೆ ಕಾಲುವೆಯಲ್ಲಿ ಮೊಸಳೆಗಳಿವೆ. ಅಲ್ಲಿ ನೀರಿನ ಅಂಚಿಗೆ ಕೂರಬೇಡಿ.

• ಮಳೆಗಾಲ ಮುಗಿದ ಮೇಲೂ ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಏಳುತ್ತದೆ. 2009ರ ನವೆಂಬರಿನಲ್ಲಿ ಫಿಯಾನ್ ಬಂತು. 2019ರ ಅಕ್ಟೋಬರಿನಲ್ಲಿ ಮುರ್ಮುಗೋವಾದ ಹೊರಗೆ ಲಂಗರು ಹಾಕಿದ್ದ ನು ಶಿ ನಳಿನಿ ಎಂಬ ಹಡಗು ಬಿರುಗಾಳಿಗೆ ಸಿಕ್ಕು ತೇಲಿಹೋಗಿ ದೋನಾಪಾವ್ಲಾ ಬಳಿಯ ಬಂಡೆಗೆ ಕಚ್ಚಿಕೊಂಡಿತು. ಹಡಗಿನ ಗತಿಯೇ ಹೀಗಾದರೆ ಮನುಷ್ಯನ ಪಾಡೇನು? ಹವಾಮಾನ ಇಲಾಖೆಯ ಎಚ್ಚರಿಕೆ ಇದ್ದ ದಿನ ಮನೆಯಲ್ಲೇ ಇರಿ.

ಆ ಸಂಜೆ

ಸಂಜೆ ಐದರ ಹೊತ್ತಿಗೆ ಅಳಿಯನ ತಂಗೂಸು ಬಿಗಿಯಾಯಿತು. ಒಂದು ಚೊಣಕ್. ಉದ್ದ ಗೇಣಿಗಿಂತ ತುಸು ಹೆಚ್ಚು.

"ಇದು ಸಣ್ಣದೈತಿ. ಬಿಡಲೇ," ಅಂದ ಮಾವ.

ಅಳಿಯನ ಮೋರೆ ಸಣ್ಣದಾಯಿತು. ಆದರೂ ಕೈ ಒದ್ದೆ ಮಾಡಿಕೊಂಡು ಕೊಕ್ಕೆ ಬಿಡಿಸಿ ಮೀನನ್ನು ನೀರಿಗೆ ಬಿಟ್ಟ. ಕತ್ತಲಾಗುವ ಮೊದಲು ಮಾವನಿಗೆ ಎರಡು ಒಳ್ಳೆಯ ತಾಮ್ಸೊ ಸಿಕ್ಕವು. ಒಂದನ್ನು ಅಳಿಯನ ಚೀಲಕ್ಕೆ ಹಾಕಿದ.

ದಾರಿಯಲ್ಲಿ ಅಳಿಯ ಕೇಳಿದ: "ಮಾವಾ, ಆ ನೋಟ್‌ಬುಕ್ಕಿನಾಗಿನ ಲೆಕ್ಕ ನನಗೂ ಕಲಸ್ತೀರೇನ್ರಿ?"

"ನಾಳೆ ರಾತ್ರಿ ಎಂಟಕ್ಕ ಸಾಲಿ ಐತಿ. ಪೆನ್ಸಿಲ್ ತಗೊಂಡ ಬಾ."

ಹೊಸ ಪದಗಳು

ಉಬ್ಬರ: ಸಮುದ್ರದ ನೀರು ಏರುವುದು
ಇಳಿತ: ಸಮುದ್ರದ ನೀರು ಇಳಿಯುವುದು
ಎರೆ: ಮೀನಿನ ಆಸೆಗೆ ಗಾಳಕ್ಕೆ ಸಿಕ್ಕಿಸುವ ತಿನಿಸು
ತಂಗೂಸು: ಗಾಳದ ನೈಲಾನ್ ದಾರ
ತೂಬು: ನೀರು ಬಿಡುವ, ತಡೆಯುವ ಬಾಗಿಲು

ಅಭ್ಯಾಸ

1. ಇವತ್ತು ಬೆಳಿಗ್ಗೆ 8:00ಕ್ಕೆ ಉಬ್ಬರ ಇದೆ. ನಾಳೆ ಬೆಳಿಗ್ಗೆ ಸುಮಾರು ಎಷ್ಟು ಗಂಟೆಗೆ? ನಾಡಿದ್ದು?
2. ಮಧ್ಯಾಹ್ನ 1:00ಕ್ಕೆ ಇಳಿತ ಮುಗಿಯುತ್ತದೆ. 12:30ಕ್ಕೆ ನೀವು ಬಂಡೆಗೆ ದಾಟುತ್ತೀರಾ? ಯಾಕೆ?
3. ಸಣ್ಣ ಚೊಣಕ್ ಅನ್ನು ಯಾಕೆ ನೀರಿಗೆ ಬಿಡಬೇಕು? ಎರಡು ವಾಕ್ಯ ಬರೆಯಿರಿ.
4. ನಿಮ್ಮ ಊರಿನ ಹೊಳೆಯಲ್ಲಿ ಸಿಗುವ ಮೂರು ಮೀನುಗಳ ಹೆಸರು ಬರೆಯಿರಿ.
5. ನೀವು ಕೆಲಸ ಮಾಡುವ ಜಾಗದಲ್ಲಿ ಎಚ್ಚರಿಕೆಯ ಫಲಕ ಇದೆಯೇ? ಅದರಲ್ಲಿ ಏನು ಬರೆದಿದೆ? ನೋಡಿಕೊಂಡು ಬಂದು ತರಗತಿಯಲ್ಲಿ ಹೇಳಿ.