ರೀಡಿಂಗ್ ನಿನ್ನದೇ ಇರಲಿ

ಪ್ರಶ್ನೆ: ನಾನು ಶಿರಹಟ್ಟಿ ತಾಲ್ಲೂಕಿನ ಹಳ್ಳಿಯವಳು. ದಿನಾ ಬಸ್ಸಿನಲ್ಲಿ ಲಕ್ಷ್ಮೇಶ್ವರಕ್ಕೆ ಹೋಗಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಹೈಸ್ಕೂಲಿನಲ್ಲಿ ಪ್ರಯೋಗಗಳನ್ನು ಸರ್ ಮಾಡಿ ತೋರಿಸುತ್ತಿದ್ದರು, ನಾವು ನೋಡುತ್ತಿದ್ದೆವು ಅಷ್ಟೇ. ಈಗ ಬ್ಯೂರೆಟ್ ಮುಟ್ಟಿದರೆ ಕೈ ನಡುಗುತ್ತದೆ. ಟೈಟ್ರೇಶನ್ ಮೂರು ಸಲ ಮಾಡಿದರೆ ಮೂರು ಉತ್ತರ ಬರುತ್ತವೆ. ಗೆಳತಿಯರು ಹಳೆಯ ರೆಕಾರ್ಡ್ ನೋಡಿ ರೀಡಿಂಗ್ ಬರೆದುಬಿಡುತ್ತಾರೆ. ಪ್ರಾಕ್ಟಿಕಲ್‌ಗೆ 30 ಅಂಕ. ನಾನೂ ಹಾಗೇ ಮಾಡಲೇ?
– ಹೆಸರು ಬೇಡ

ಉತ್ತರ: ಬೇಡ ತಂಗಿ. ಹಳೆಯ ರೆಕಾರ್ಡಿನ ಅಂಕಿ ಆ ದಿನದ ಆ ದ್ರಾವಣದ್ದು. ಪರೀಕ್ಷೆಯ ದಿನ ನಿನ್ನ ಮುಂದಿರುವ ಬಾಟಲಿಯಲ್ಲಿ ಏನಿದೆಯೆಂದು ಅದಕ್ಕೆ ಗೊತ್ತಿರುವುದಿಲ್ಲ.

ಮೂರು ಉತ್ತರ ಬಂತೆಂದು ಗಾಬರಿಯಾಗಬೇಡ. ಮೊದಲನೆಯದು ಅಂದಾಜಿನ ರೀಡಿಂಗ್, ಬೇರೆ ಬರುವುದು ಸಹಜ. ಆಮೇಲಿನವು 0.1 ಮಿ.ಲೀ. ಒಳಗೆ ಹೊಂದದಿದ್ದರೆ ಕಾರಣ ಹುಡುಕು. ಬ್ಯೂರೆಟ್ಟಿನ ತುದಿಯಲ್ಲಿ ಗಾಳಿಗುಳ್ಳೆ ಉಳಿದಿತ್ತೇ? ತುಂಬಿದ ಮೇಲೆ ಆಲಿಕೆ ತೆಗೆದಿದ್ದೆಯಾ? ಬ್ಯೂರೆಟ್ಟನ್ನು ಅದಕ್ಕೆ ತುಂಬುವ ದ್ರಾವಣದಿಂದಲೇ ಜಾಲಿಸಬೇಕು. ಕೋನಿಕಲ್ ಫ್ಲಾಸ್ಕನ್ನು ಮಾತ್ರ ಬರೀ ನೀರಿನಿಂದ. ಇದು ಅದಲುಬದಲಾದರೆ ಲೆಕ್ಕ ಕೆಟ್ಟಂತೆಯೇ. ಪೊಟ್ಯಾಸಿಯಂ ಪರ್ಮಾಂಗನೇಟ್‌ನ ಬಣ್ಣ ಗಾಢ, ದ್ರವದ ಕೆಳಬಾಗು ಕಾಣುವುದಿಲ್ಲ. ಕಣ್ಣನ್ನು ಅದೇ ಮಟ್ಟಕ್ಕೆ ತಂದು ಮೇಲಂಚನ್ನು ಓದು. ಫ್ಲಾಸ್ಕಿನ ಕೆಳಗೆ ಬಿಳಿ ಹಾಳೆ ಇಡು. ಕೊನೆಗೆ ಒಂದೊಂದೇ ಹನಿ ಬಿಡುತ್ತ ಹೋಗು. ತೆಳು ಗುಲಾಬಿ ಅರ್ಧ ನಿಮಿಷ ನಿಂತರೆ ನಿಲ್ಲಿಸು. ಗುಲಾಬಿಯ ಬದಲು ಕಂದಾಗಿ ಕದಡಿದರೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸಾಲಲಿಲ್ಲವೆಂದು ತಿಳಿ, ಹಾಗೆಂದೇ ಬರೆದಿಡು. ವೈವಾದಲ್ಲಿ ಇಂಥ ಪ್ರಶ್ನೆ ಬಂದರೆ ನಕಲು ಮಾಡಿದವರು ಬಾಯಿ ತೆರೆಯಲಾರರು, ನೀನು ಉತ್ತರಿಸಬಲ್ಲೆ. ಇನ್ನೊಂದು: ಪಿಪೆಟ್ಟನ್ನು ಬಾಯಿಂದ ಎಳೆಯಬೇಡ, ಯಾರು ಹೇಳಿದರೂ ಸರಿ. ರಬ್ಬರ್ ಬಲ್ಬ್ ಕೇಳಿ ಪಡೆ.

ಕೈ ನಡುಕಕ್ಕೆ ಅಭ್ಯಾಸವೇ ಮದ್ದು. ಮನೆಯಲ್ಲಿ ಜಂತಿಗೆ ದಾರ ಕಟ್ಟಿ ಒಂದು ಕಲ್ಲು ತೂಗುಬಿಡು. ಗಂಟಿನಿಂದ ಕಲ್ಲಿನ ನಡುವಿಗೆ ಸರಿಯಾಗಿ 1 ಮೀಟರ್ ಇರಲಿ. ಸ್ವಲ್ಪವೇ ಸರಿಸಿ ಬಿಟ್ಟು, ಮೊಬೈಲಿನಲ್ಲಿ 20 ಆಂದೋಲನಗಳ ಹೊತ್ತು ಅಳೆ. ಎಣಿಕೆ ಸೊನ್ನೆಯಿಂದ ಶುರುವಾಗಲಿ. ಬಿಟ್ಟಕೂಡಲೇ ‘ಒಂದು’ ಎನ್ನುವುದು ಬಹಳ ಜನ ಮಾಡುವ ತಪ್ಪು. ಸುಮಾರು 40 ಸೆಕೆಂಡು ಬರಬೇಕು. ದಾರವನ್ನು 25 ಸೆಂ.ಮೀ.ಗೆ ಇಳಿಸಿದರೆ ಸುಮಾರು 20. ಪ್ರತಿ ಸಲವೂ ಚೂರು ಹೆಚ್ಚುಕಡಿಮೆ ಬರುತ್ತದೆ. ಆ ಹೆಚ್ಚುಕಡಿಮೆಯನ್ನೂ ಬರೆದಿಡು, ತಿದ್ದಬೇಡ. ನಿಜವಾಗಿ ಅಳೆದವರ ಅಂಕಿಗಳು ಹಾಗೇ ಇರುತ್ತವೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಬರೀ ಅಂಕವಲ್ಲ. ನಿನ್ನ ನೆರೆಯ ಮುಂಡರಗಿ ತಾಲ್ಲೂಕಿನಲ್ಲಿ ಕೊಳವೆಬಾವಿ ನೀರಿನ ಫ್ಲೋರೈಡ್ ಹಳೆಯ ಸಮಸ್ಯೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಅದಕ್ಕೆ ರುಚಿಯಿಲ್ಲ, ಬಣ್ಣವಿಲ್ಲ. ಅಳೆದರೆ ಮಾತ್ರ ತಿಳಿಯುತ್ತದೆ. ಅಳೆಯದೆ ಹಳೆಯ ಅಂಕಿ ಬರೆದರೆ ಆ ನೀರನ್ನು ಮಕ್ಕಳು ಕುಡಿಯುತ್ತಾರೆ, ಹಲ್ಲು ಕಲೆಗಟ್ಟುತ್ತವೆ, ಮೂಳೆ ಕೆಡುತ್ತವೆ. ನಾಳೆ ಆ ಅಳತೆ ಮಾಡುವವಳು ನೀನೇ ಆಗಬಹುದು.

ಈ ವಾರವೇ ನಿಮ್ಮ ಲೆಕ್ಚರರನ್ನು ಕಂಡು, ಕ್ಲಾಸ್ ಮುಗಿದ ಮೇಲೆ ಅರ್ಧ ಗಂಟೆ ಲ್ಯಾಬ್ ಕೊಡಿ ಎಂದು ಕೇಳು. ಗೆಳತಿಯರನ್ನೂ ಜೊತೆಗೆ ಕರೆದೊಯ್ಯಿ.

ಗದಗ-ಬೆಟಗೇರಿಯಿಂದ ಮುಂಡರಗಿಯವರೆಗಿನ ಹೈಸ್ಕೂಲು ಶಿಕ್ಷಕರಲ್ಲಿ ಒಂದು ಮನವಿ: ಗಾಜು ಒಡೆದೀತೆಂದು ಕಪಾಟಿಗೆ ಬೀಗ ಹಾಕಬೇಡಿ. ಹಲವು ಪಂಚಾಯ್ತಿಗಳಲ್ಲಿ ನೀರು ಪರೀಕ್ಷಿಸುವ ಕಿಟ್ ಇದೆ. ಕೇಳಿ ತಂದು ಮಕ್ಕಳ ಕೈಗೆ ಕೊಡಿ, ನೀವು ಪಕ್ಕದಲ್ಲಿ ನಿಲ್ಲಿ. ಸಂಶಯದ ನೀರನ್ನು ಆಮೇಲೆ ಪ್ರಯೋಗಾಲಯಕ್ಕೆ ಕಳಿಸಿ.