ಕ್ರೆಡಿಟ್ ರಿಪೋರ್ಟಿನಲ್ಲಿ 'ಚಾರ್ಜ್ ಆಫ್' ಎಂದಿದ್ದರೆ

ಅಮೆರಿಕಕ್ಕೆ ಬಂದ ಹೊಸತರಲ್ಲಿ ನಾವೆಲ್ಲ ಊರಿಂದೂರಿಗೆ ಮನೆ ಬದಲಿಸಿದವರೇ. ಹಳೆಯ ವಿಳಾಸಕ್ಕೆ ಹೋದ ಕಾರ್ಡಿನ ಬಿಲ್ಲೊಂದು ಮರೆತುಹೋಗಿ, ವರ್ಷಗಳ ನಂತರ ಮನೆ ಸಾಲ ಕೇಳಿದಾಗ ಅಡ್ಡ ಬರುವುದುಂಟು.

ಸುಮಾರು 180 ದಿನ ಹಣ ಕಟ್ಟದಿದ್ದರೆ ಬ್ಯಾಂಕು ಆ ಬಾಕಿಯನ್ನು ನಷ್ಟವೆಂದು ಬರೆದುಕೊಳ್ಳುತ್ತದೆ. ಇದೇ ಚಾರ್ಜ್ ಆಫ್. ಸಾಲ ಮನ್ನಾ ಆಯಿತೆಂದು ಇದರ ಅರ್ಥವಲ್ಲ.

ಮೊದಲು ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಈ ಮೂರೂ ಸಂಸ್ಥೆಗಳ ವರದಿ ತರಿಸಿ ನೋಡೋಣ. ಖಾತೆ ನಮ್ಮದೇ? ಮೊತ್ತ ಸರಿಯೇ? ಮೊದಲು ಬಾಕಿ ಬಿದ್ದ ತಾರೀಖು ಸರಿಯೇ? ತಪ್ಪು ಕಂಡರೆ ಆ ಸಂಸ್ಥೆಗೂ ಬ್ಯಾಂಕಿಗೂ ಪತ್ರ ಬರೆದು, ರಸೀದಿಗಳ ನಕಲು ಲಗತ್ತಿಸಿ, ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸೋಣ. ಮೂಲ ಪ್ರತಿ ನಮ್ಮಲ್ಲೇ ಇರಲಿ. 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯಿದೆಯಂತೆ ಸಂಸ್ಥೆಯು ಸಾಮಾನ್ಯವಾಗಿ 30 ದಿನದೊಳಗೆ ವಿಚಾರಣೆ ಮುಗಿಸಬೇಕು. ಖಾತರಿಯಾಗದ್ದನ್ನು ತೆಗೆಯಬೇಕು ಅಥವಾ ತಿದ್ದಬೇಕು.

ಬಾಕಿ ನಿಜವಾಗಿದ್ದರೆ, ದುಡ್ಡು ಕೊಟ್ಟರೆ ಅಳಿಸಿಕೊಡುತ್ತೇವೆ ಎನ್ನುವವರನ್ನು ನಂಬುವುದು ಬೇಡ. ಮೊದಲು ಬಾಕಿ ಬಿದ್ದು ಸುಮಾರು 7 ವರ್ಷಕ್ಕೆ ಅದು ತಾನಾಗಿ ವರದಿಯಿಂದ ಹೋಗುತ್ತದೆ. ಸಾಲ ಬೇರೆಯವರ ಕೈಗೆ ಮಾರಾಟವಾದರೂ ಆ ಲೆಕ್ಕ ಹೊಸದಾಗಿ ಶುರುವಾಗದು.

ಕಾಲೇಜಿಗೆ ಹೊರಟ ಮಕ್ಕಳಿಗೂ ಇದನ್ನು ಹೇಳಿಕೊಡೋಣ.